ಎರಡು ಒಲೆ, ಒಂದು ಬಾಗಿಲು

ನನ್ನ ಗಂಡನಿಗೆ ಇಬ್ಬರು ಹೆಂಡಿರು. ದೊಡ್ಡವಳು ನಾನು. ಚಿಕ್ಕವಳನ್ನು ಎಡಪ್ಪಾಡಿ ಕಡೆಯಿಂದ ತಂದ. ಯಾಕೆ ತಂದ ಅಂತ ನನಗೆ ಗೊತ್ತಿಲ್ಲ, ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಕಂಬೈನಲ್ಲೂರಿನ ಹತ್ತಿರ ನಮ್ಮದು ಕುರಿ ಮೇಯಿಸುವ ಮನೆತನ. ಸೇಲಂ ಸಂತೆಗೆ ಕುರಿ ಹೊಡೆದುಕೊಂಡು ಬರುತ್ತಾ ಬರುತ್ತಾ ಅವನು ಪೇಟೆಯಲ್ಲೇ ಉಳಿದ. ಹಳೆ ಬಸ್‌ಸ್ಟ್ಯಾಂಡಿನ ಹಿಂದೆ ಮೋರಿ ದಡದಲ್ಲಿ ಒಂದು ಹೆಂಚಿನ ಮನೆ ಹಾಕಿದ.

ಒಂದೇ ಒಲೆಯ ಮುಂದೆ ನಾವಿಬ್ಬರೂ ಒಂದು ವರ್ಷವೂ ತಡೆಯಲಿಲ್ಲ. ಒಂದು ದಿನ ಅವಳು ಮುದ್ದೆ ಕೋಲು ಎತ್ತಿದಳು, ನಾನು ಅವಳ ಜುಟ್ಟು ಹಿಡಿದೆ. ಅವನು ಬೈಯಲೂ ಇಲ್ಲ, ಬಿಡಿಸಲೂ ಇಲ್ಲ. ಇಟ್ಟಿಗೆ ತಂದು ಮನೆಯ ನಡುವೆ ಸೂರಿನ ತನಕ ಗೋಡೆ ಎಬ್ಬಿಸಿದ. ಬೀದಿಗೆ ಎರಡು ಬಾಗಿಲು ಇಟ್ಟ. ಒಂದು ವಾರ ಆ ಕಡೆ ಮಲಗಿದ, ಒಂದು ವಾರ ಈ ಕಡೆ. ಬಾಗಿಲು ಬೇರೆಯಾದ ಮೇಲೆ ನಾನು ನೆಮ್ಮದಿಯಾಗಿ ಉಂಡೆ.

ಅವನು ಸತ್ತದ್ದು ಅವಳ ಕಡೆ. ದೊಡ್ಡವಳ ಬಾಗಿಲಿಂದ ಚಟ್ಟ ಹೊರಡಬೇಕು ಅಂತ ಅಡ್ಡ ನಿಂತೆ. ಯಾರೂ ಕೇಳಲಿಲ್ಲ, ಅವಳ ಬಾಗಿಲಿಂದಲೇ ಎತ್ತಿದರು. ಅವತ್ತಿಗೆ ಮಾತು ನಿಂತಿತು. ಮಾತು ಇಲ್ಲ ಅಂದರೆ ನೇರ ಮಾತು ಇಲ್ಲ. ಬೈಯಬೇಕಾದರೆ ಕಾಗೆಗೆ ಬೈಯುತ್ತಿದ್ದೆವು.

"ಏ ಕಾಗೆ, ಬೆಳಗಾತಲೇ ಬಂದು ಕೊಳಾಯಿ ನೀರೆಲ್ಲ ಇಡ್ಕಂಡು ಓಗ್ತೀಯಲ್ಲ, ನಿನ್ ಒಟ್ಟೆಗೆ ಬೆಂಕಿ ಬೀಳ!" ಎಂದು ಅವಳು.

"ಏ ಕಾಗೆ, ಆ ಕೊಳಾಯಿ ನಿಮ್ಮಪ್ಪ ಆಕ್ಸಿದ್ದೇನೇ?" ಎಂದು ನಾನು.

ಕಾಗೆ ಎಷ್ಟೋ ಸಲ ಅಲ್ಲಿ ಇರುತ್ತಲೇ ಇರಲಿಲ್ಲ.

ವರ್ಷಕ್ಕೆ ಒಂದು ದಿನ ಮಾತ್ರ ಅವಳು ನನ್ನ ಹೊಸಿಲು ದಾಟಬೇಕು, ಇಲ್ಲವೇ ನಾನು ಅವಳದ್ದು ದಾಟಬೇಕು. ಪುರಟಾಸಿ ತಿಂಗಳ ಮಾಲಯ ಅಮಾವಾಸೆಯ ದಿನ ಸತ್ತವರಿಗೆ ಎಡೆ ಇಡಬೇಕಲ್ಲ. ಒಬ್ಬ ಗಂಡನಿಗೆ ಎರಡು ಮನೆಯಲ್ಲಿ ಎಲೆ ಹಾಕಿದರೆ ಅವನು ಎಲ್ಲಿ ಕೂರುತ್ತಾನೆ, ಎರಡೂ ಕಡೆ ಹಸಿದು ಹೋಗುತ್ತಾನೆ ಅಂತ ನಮ್ಮವರ ಲೆಕ್ಕ. ಹಾಗಾಗಿ ಅವತ್ತು ಒಂದೇ ಒಲೆ. ಇನ್ನೊಂದನ್ನು ಸಾರಿಸಿ ಬೂದಿ ತೆಗೆದು ಮುಚ್ಚಿಡಬೇಕು, ಎಡೆ ಮುಗಿಯುವ ತನಕ ಹಚ್ಚಬಾರದು. ಇಬ್ಬರೂ ಸೇರಿ ಅಡಿಗೆ ಮಾಡಬೇಕು. ಜಗಳದ ಮಾತು, "ಬೇರೆ" ಅನ್ನುವ ಮಾತು ಎಲೆಯ ಮುಂದೆ ಬರಬಾರದು.

ಅಷ್ಟರಲ್ಲಿ ಪೇಟೆಯನ್ನು ಹೊಸದು ಮಾಡುವ ಕೆಲಸ ಶುರುವಾಗಿತ್ತು. ಬಸ್‌ಸ್ಟ್ಯಾಂಡನ್ನು ಒಡೆದು ಮಹಡಿ ಮೇಲೆ ಮಹಡಿ ಕಟ್ಟಿದರು. ಮಾರ್ಕೆಟ್ಟನ್ನು ಒಡೆದರು. ಆಮೇಲೆ ಮೋರಿಗೆ ಬಂದರು. ದಡದಲ್ಲಿ ಕಾರು ನಿಲ್ಲಿಸುವ ಕಟ್ಟಡ ಬರುತ್ತದೆ, ದಡದವರಿಗೆ ಊರ ಹೊರಗೆ ಮಹಡಿ ಮನೆ, ಒಂದು ಕುಟುಂಬಕ್ಕೆ ಒಂದು ಅಂದರು. ಬೀದಿಯವರೆಲ್ಲ ರಾತ್ರೋರಾತ್ರಿ ಬುದ್ಧಿವಂತರಾದರು. ಒಂದೇ ಪಾತ್ರೆಯಲ್ಲಿ ಉಣ್ಣುತ್ತಿದ್ದ ಅಣ್ಣತಮ್ಮಂದಿರು ಎರಡು ಗ್ಯಾಸ್ ಒಲೆ ಇಟ್ಟು ತೋರಿಸಿದರು. ಮಗಳು ಅಳಿಯನನ್ನು ಕರೆಸಿ ಒಂದು ತಡಿಕೆ ಕಟ್ಟಿದವರೂ ಇದ್ದರು. ನಾನು ನಕ್ಕೆ. ನಮ್ಮದು ನಿಜವಾದ ಗೋಡೆ, ನಿಜವಾದ ಎರಡು ಒಲೆ. ತೋರಿಸುವುದೇನಿದೆ, ಕಣ್ಣಿಗೆ ಕಾಣುತ್ತದೆ ಅಂದುಕೊಂಡೆ.

ಒಲೆ ಎಣಿಸುವವರು ಬಂದದ್ದು ಅಮಾವಾಸೆಯ ದಿನ.

ಒಬ್ಬ ಹುಡುಗಿ ಫೋನ್ ಹಿಡಿದುಕೊಂಡಿದ್ದಳು, ಜೊತೆಯಲ್ಲಿ ಆಫೀಸಿನವನೊಬ್ಬ. ಎಡೆ ಆಗ ತಾನೇ ಇಟ್ಟಿದ್ದೆವು. ಚಿಕ್ಕವಳು ನನ್ನ ಪಕ್ಕದಲ್ಲಿ ಕೈ ಮುಗಿದು ಕೂತಿದ್ದಳು. ಹುಡುಗಿ ಪಕ್ಕದ ಬಾಗಿಲಲ್ಲಿ ಇಣುಕಿ ನೋಡಿ ಬಂದಳು. ಅಲ್ಲಿ ತಣ್ಣಗಿನ ಒಲೆ, ಮೇಲೆ ಮೊರ ಮುಚ್ಚಿತ್ತು.

"ಪಾಟಿ, ಎಲ್ಲಾ ಒಟ್ಟಿಗೆನಾ? ಅಡಿಗೆ ಇಲ್ಲೇನಾ?" ಅಂತ ನನ್ನನ್ನು ಅಜ್ಜಿ ಮಾಡಿಕೊಂಡು ತಮಿಳಿನಲ್ಲಿ ಕೇಳಿದಳು.

ನಾನು ಚಿಕ್ಕವಳ ಕಡೆ ನೋಡಿದೆ. ಅವಳು ಎಲೆಯ ಕಡೆ ನೋಡುತ್ತಿದ್ದಳು. ಬೇರೆ ಅಂತ ಹೇಗೆ ಹೇಳುವುದು? ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು, ಅವನು ಉಣ್ಣುವ ಹೊತ್ತು. ನಾನು ಬಾಯಿ ಬಿಡಲಿಲ್ಲ. ಅವಳೂ ಬಿಡಲಿಲ್ಲ. ಹುಡುಗಿ ಒಂದು ಫೋಟೋ ತೆಗೆದು, ಫೋನಿನಲ್ಲಿ ಏನೋ ಒತ್ತಿ, ಮುಂದಿನ ಮನೆಗೆ ಹೋದಳು.

ಕಾಗೆ ಬಂದು ಎಡೆ ಮುಟ್ಟಿದ ಮೇಲೆ ನಾನು ಆ ಹುಡುಗಿಯನ್ನು ಹುಡುಕಿ ಓಡಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಆಫೀಸಿನವರು ಮನೆ ಸಿಕ್ಕವರ ಹೆಸರುಗಳನ್ನು ಓದಿದಾಗ ಸುಳ್ಳು ಒಲೆಯವರಿಗೆಲ್ಲ ಎರಡೆರಡು ಮನೆ, ನಮಗೆ ಒಂದು.

ಆಫೀಸಿಗೆ ಹೋದೆವು. ಒಂದೇ ಬಸ್ಸು, ನಾನು ಮುಂದಿನ ಸೀಟಿನಲ್ಲಿ, ಅವಳು ಹಿಂದೆ. ಗುಮಾಸ್ತ ತಮಿಳಿನವನೇ, ಆದರೆ ಧರ್ಮಪುರಿ ಕಡೆ ಬೆಳೆದು ನಮ್ಮ ಮಾತು ಬಲ್ಲವನು.

"ಜೊತೇಲಿ ಬಂದು ಬೇರೆ ಬೇರೆ ಅಂತೀರಲ್ಲ ಪಾಟಿ? ಬಾಗಿಲ ನಂಬರ್ ಒಂದೇ, ರೇಷನ್ ಕಾರ್ಡ್ ಒಂದೇ, ಗಂಡನೂ ಒಬ್ಬನೇ."

"ಗಂಡ ಸತ್ತೋಗಿ ಬಾಳ ವರ್ಸ ಆತು ಸಾಮಿ," ಎಂದಳು ಚಿಕ್ಕವಳು. "ಅವನೇ ನಮ್ಮನ್ನ ಒಟ್ಟಿಗೆ ಕಟ್ಟಾಕಕ್ಕೆ ಆಗ್ದೆ ಗ್ವಾಡೆ ಆಕ್ದ. ನೀವು ಯಾಕ್ ಕಟ್ಟಾಕ್ತೀರಿ?"

ಅವಳು ಜೀವಮಾನದಲ್ಲಿ ಆಡಿದ ಸರಿಯಾದ ಮಾತು ಅದೊಂದೇ. ಅಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತನೂ ನಕ್ಕು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. ಹುಡುಗಿ ತೆಗೆದ ಫೋಟೋದಲ್ಲಿ ಎಲೆಯ ಮುಂದೆ ನಾವಿಬ್ಬರೂ ಭುಜ ತಾಗಿಸಿ ಕೈ ಮುಗಿದು ಕೂತಿದ್ದೆವು.

"ನೋಡಿ, ಅಕ್ಕತಂಗೀರ ಥರ ಎಷ್ಟ್ ಚೆನ್ನಾಗಿ ಕೂತಿದ್ದೀರಿ. ಇದನ್ನ ಇಟ್ಕೊಂಡು ನಾನ್ ಏನ್ ಬರೀಲಿ?"

"ಅದು ಎಡೆ ದಿನ ಕಣಪ್ಪ. ಅವತ್ತು ಎರಡನೇ ಒಲೆ ಅಚ್ಚಂಗಿಲ್ಲ," ಎಂದೆ.

"ಮೇಲೆ ಕಳಿಸಿ ಆಗೈತೆ ಪಾಟಿ. ನನ್ ಕೈಲಿ ಇಲ್ಲ." ಆಮೇಲೆ ದನಿ ತಗ್ಗಿಸಿದ. "ಇಬ್ಬರಲ್ಲಿ ಒಬ್ಬರು ಓದ ಮೇಲೆ ಇನ್ನೊಬ್ಬರಿಗೇ ತಾನೇ? ಸುಮ್ನಿರಿ."

ಚಿಕ್ಕವಳು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ನಾನೂ ನೋಡಿದೆ. ಇಬ್ಬರೂ ಇನ್ನೂ ಗಟ್ಟಿ ಇದ್ದೆವು.

ಮತ್ತೆ ಎರಡು ಸಲ ಹೋದೆವು. ಒಮ್ಮೆ ಗುಮಾಸ್ತ ಬೇರೆಯವನು. ಒಮ್ಮೆ ರಜೆ.

ಬುಲ್ಡೋಜರ್ ಬಂದ ದಿನ ಮೊದಲು ಮುಂದಿನ ಗೋಡೆ ಬಿತ್ತು, ಎರಡೂ ಬಾಗಿಲು ಅದರ ಜೊತೆ ಹೋದವು. ಹೆಂಚು ಜಾರಿತು. ನಡುವಿನ ಗೋಡೆ ಮಾತ್ರ ಸ್ವಲ್ಪ ಹೊತ್ತು ಒಂಟಿಯಾಗಿ ನಿಂತಿತ್ತು, ಒಂದು ಮಗ್ಗುಲು ನನ್ನ ಹೊಗೆಗೆ ಕಪ್ಪು, ಇನ್ನೊಂದು ಅವಳದ್ದಕ್ಕೆ. ಓಡಿಸುವವನು ಬೀಡಿ ಹಚ್ಚಿಕೊಂಡು ಆಮೇಲೆ ಅದನ್ನೂ ತಳ್ಳಿದ.

ಹೊಸ ಮನೆ ಮೂರನೇ ಮಹಡಿ. ಒಂದು ಹಾಲ್, ಒಂದು ರೂಮು, ಒಬ್ಬರು ನಿಂತರೆ ಇನ್ನೊಬ್ಬರು ತಿರುಗಲಾಗದ ಅಡಿಗೆಮನೆ. ನಡುವೆ ಗೋಡೆ ಕಟ್ಟಿಸುತ್ತೇನೆ ಅಂತ ಕಾವಲಿನವನನ್ನು ಕೇಳಿದೆ. "ಗ್ವಾಡೆನಾ? ಮೊಳೆ ಒಡೆದ್ರೇ ನೋಟೀಸ್ ಕೊಡ್ತಾರೆ ಪಾಟಿ, ಓಗು," ಎಂದ. ಕಿಟಕಿಯ ಕಂಬಿಯಿಂದ ಹೊರಬಾಗಿಲ ಚಿಲಕಕ್ಕೆ ಒಂದು ಸೀರೆ ಕಟ್ಟಿದೆ. ಗಾಳಿ ಬಂದರೆ ಅವಳು ಕಾಣುತ್ತಾಳೆ. ಬಾಗಿಲು ತೆಗೆದರೆ ಸೀರೆ ಬಿಚ್ಚಿಹೋಗುತ್ತದೆ. ಬೈಯಲು ಈಗ ಕಾಗೆಯೂ ಇಲ್ಲ, ಅಷ್ಟು ಹತ್ತಿರ ಕೂತು ಕಾಗೆಗೆ ಬೈದರೆ ಹುಚ್ಚರಂತೆ ಕೇಳಿಸುತ್ತದೆ. ಅವಳು ರೂಮಿನಲ್ಲಿ ಉಣ್ಣುತ್ತಾಳೆ, ನಾನು ಹಾಲ್‌ನಲ್ಲಿ. ಅಗಿಯುವ ಸದ್ದು ಕೇಳುತ್ತದೆ.

ಬೆಳಿಗ್ಗೆ ಅವಳು ಬಸ್ ಹತ್ತಿ ಪೇಟೆಗೆ ಹೋಗಿ ಸೊಪ್ಪು ಮಾರುತ್ತಾಳೆ, ಕತ್ತಲಾಗುವ ಹೊತ್ತಿಗೆ ಬರುತ್ತಾಳೆ. ಇಲ್ಲಿ ಯಾರು ಯಾರೋ ಓಡಾಡುತ್ತಾರೆ, ನಾನು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೇನೆ. ಅವಳ ಮಂಡಿ ಹೋಗಿದೆ. ಪ್ರತಿ ಮಹಡಿಯಲ್ಲಿ ನಿಂತು ಉಸಿರು ಬಿಡುವುದು ಮೇಲಿನ ತನಕ ಕೇಳಿಸುತ್ತದೆ. ಬಂದು ಬಾಗಿಲು ತಟ್ಟುತ್ತಾಳೆ, ಕರೆಯುವುದಿಲ್ಲ.

"ಯಾರು?" ಅನ್ನುತ್ತೇನೆ.

ಮತ್ತೆ ತಟ್ಟುತ್ತಾಳೆ.

"ಯಾರು ಅಂದ್ರೆ ಯೋಳಾಕಾಗಲ್ವಾ?"

"ಬಾಗ್ಲಿಗೆ ಯೋಳ್ತಾ ಇವ್ನಿ," ಅನ್ನುತ್ತದೆ ಹೊರಗಿನ ದನಿ. "ಏ ಬಾಗ್ಲೇ, ಕಾಲ್ ನೋಯ್ತಾ ಐತೆ, ತೆರ್ಕೋ."

ನೆಲಕ್ಕೆ ಕೈ ಊರಿ ಏಳುತ್ತೇನೆ. ಸೀರೆ ಬಿಚ್ಚುತ್ತೇನೆ. ಚಿಲಕ ತೆಗೆಯುತ್ತೇನೆ.