ಬೆಂಗಳೂರಲ್ಲಿಲ್ಲದ ಬೆಂಗಳೂರು ಬದನೆ

ಬೆಂಗಳೂರಿಗೆ ಬಂದ ವಾರವೇ ರಸೆಲ್ ಮಾರುಕಟ್ಟೆಯಲ್ಲಿ ಬೈಸಿಕೊಂಡೆ. ಬೆಂಗಳೂರು ಬದನೆ ಕೊಡಿ ಎಂದು ಕೇಳಿದ್ದೇ ತಪ್ಪಾಯಿತು. ತರಕಾರಿಯವನು ತನ್ನ ಮುಂದಿದ್ದ ನೇರಳೆ ಬದನೆಯ ರಾಶಿ ತೋರಿಸಿ, "ಇಲ್ಲಿರೋದೆಲ್ಲ ಬೆಂಗಳೂರದ್ದೇ. ತಗೊಳ್ಳೋದಾದ್ರೆ ತಗೊಳ್ಳಿ, ಇಲ್ಲ ಜಾಗ ಬಿಡಿ" ಎಂದ. ಪಕ್ಕದಲ್ಲೇ ಬಿದ್ದಿದ್ದ ತಿಳಿಹಸಿರು ಕಾಯನ್ನು ಬೆರಳು ಮಾಡಿ ತೋರಿಸಬೇಕಾಯಿತು. ಅದರ ಹೆಸರು ಇಲ್ಲಿ ಸೀಮೆ ಬದನೆ.

ಗಡಿಯಾಚೆ ಆಂಧ್ರದಲ್ಲಿರುವ ನಮ್ಮೂರು ಮಡಕಶಿರದವರು ಇದನ್ನು ನಂಬಲಾರರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಾವು ಅದನ್ನು ಬೆಂಗಳೂರು ವಂಕಾಯ ಎಂದೇ ಕರೆದವರು. ವಂಕಾಯ ಎಂದರೆ ಬದನೆ. ಹಲಸೂರಿನ ತಮಿಳರ ಬಾಯಲ್ಲೂ ಅದು ಬೆಂಗಳೂರು ಕತ್ತರಿಕ್ಕಾಯಿ. ಇಲ್ಲಿನ ಕನ್ನಡಕ್ಕೆ ಮಾತ್ರ ಅದು ಸೀಮೆಯದು, ಸೀಮೆಎಣ್ಣೆ, ಸೀಮೆಸುಣ್ಣದ ಹಾಗೆ ಹೊರಗಿಂದ ಬಂದದ್ದು. ಮೂಲ ಮೆಕ್ಸಿಕೋ ಕಡೆಯದಂತೆ, ಹಾಗಾಗಿ ಇವರ ಮಾತೇ ಸರಿ. ಅದಕ್ಕೇ ನನಗೆ ಹೆಚ್ಚು ಸಿಟ್ಟು.

ನಾವಿರುವುದು ಹೊಸ ತಿಪ್ಪಸಂದ್ರದಲ್ಲಿ, ಜಯಮ್ಮನವರ ಮಹಡಿಯಲ್ಲಿ. ಅವರ ಮನೆಯವರು ಹಿಂದೆ ಇಲ್ಲೇ ರಾಗಿ ಬೆಳೆಯುತ್ತಿದ್ದರಂತೆ. ಈಗ ಬಾಡಿಗೆ ಬೆಳೆಯುತ್ತಾರೆ. ನವೆಂಬರಿನಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ ರಾಜ್ಯೋತ್ಸವದ ಊಟಕ್ಕೆ ಅಡುಗೆ ಮಾಡುತ್ತಾರೆ. ಆ ಒಲೆಯ ಬಳಿ ನನಗೂ ಒಂದು ಜಾಗ ಸಿಗಲಿ ಎಂದು ಆಸೆಪಟ್ಟೆ. ಸಾಗು ನಾನು ಮಾಡುತ್ತೇನೆ ಎಂದೆ. ಜಯಮ್ಮ ಸೀಮೆ ಬದನೆಯ ಸಿಪ್ಪೆ ಹೆರೆಯುತ್ತಲೇ ಹೇಳಿದರು:

"ನೀವು ಆಂಧ್ರದೋರು ಕಣಮ್ಮ. ಇದು ನಮ್ ಕನ್ನಡದ ಹಬ್ಬ. ಊಟಕ್ಕೆ ಬನ್ನಿ, ಸಾಕು."

"ಹುಟ್ಟಿದಾಗಿಂದ ನಾನು ಕನ್ನಡಾನೇ ಮಾತಾಡೋದು, ಜಯಮ್ಮನೋರೆ."

"ಗೊತ್ತಾಗುತ್ತೆ ಬಿಡಿ, ಯಾವ ಕನ್ನಡ ಅಂತ."

ಮೈಯೆಲ್ಲ ಉರಿದುಹೋಯಿತು. ತೆಲುಗಿನವರ ನಡುವೆ ತಲೆತಲಾಂತರದಿಂದ ಕನ್ನಡ ಉಳಿಸಿಕೊಂಡು ಬಂದವರು ನಾವು; ಇಲ್ಲಿ ಅದಕ್ಕೆ ಕವಡೆ ಕಾಸಿನ ಬೆಲೆಯಿಲ್ಲ. ಹಬ್ಬದ ದಿನ ನಾನು ಊಟಕ್ಕೆ ಇಳಿಯಲಿಲ್ಲ. ಜಯಮ್ಮ ಮಹಡಿಗೇ ಪೂರಿ ಸಾಗು ಕಳಿಸಿದರು. ವಾಪಸು ಕಳಿಸಬೇಕೆಂದುಕೊಂಡೆ, ಆದರೆ ಹಸಿವಾಗಿತ್ತು. ಸಾಗು ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಸಂಜೆ ಊರಿನಿಂದ ಅಕ್ಕ ಫೋನ್ ಮಾಡಿದಳು. ಎಲ್ಲವನ್ನೂ ಹೇಳಿಕೊಂಡು ಅತ್ತುಬಿಡೋಣ ಎಂದು ಬಾಗಿಲು ಹಾಕಿಕೊಂಡು ಕುಳಿತೆ. ನನಗಿಂತ ಮೊದಲು ಅವಳೇ ಬಾಯಿ ತೆರೆದಳು.

"ನಿಮ್ಮೂರ ಹಬ್ಬ ಜೋರಾಯ್ತೇನೇ?"

ನಿಮ್ಮೂರು ಎಂದಳು, ನನ್ನ ಜೊತೆ ಒಂದೇ ಮನೆಯಲ್ಲಿ ಬೆಳೆದವಳು. ಜೋರಾಯ್ತು ಎಂದೆ. ಅಡುಗೆಗೆ ಯಾರು ನಿಂತಿದ್ದರು ಎಂದು ಕೇಳಿದಳು.

ಸಾಗು ನಂದೇ ಎಂದೆ.