ತಗಡಿನ ಡಬ್ಬದ ಕರಿಬೇವು

ಒಗ್ಗರಣೆಗೆ ಕರಿಬೇವಿಲ್ಲದಿದ್ದರೆ ನಮ್ಮವ್ವನಿಗೆ ಅಡುಗೆ ಮಾಡಿದಂತೆಯೇ ಅನಿಸುತ್ತಿರಲಿಲ್ಲ. ಇಂಥವಳ ಕರಿಬೇವಿನ ಗಿಡ ನನ್ನ ಶಾಲೆಯ ದಿನಗಳುದ್ದಕ್ಕೂ ಎಣ್ಣೆಯ ತಗಡಿನ ಡಬ್ಬದಲ್ಲೇ ಬೆಳೆಯಿತು.

ಅಪ್ಪ ಗಡಿಂಗ್ಲಜ ಪೇಟೆಯ ಸಾವಕಾರರೊಬ್ಬರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಎಲ್ಲವೂ ಬಾಯಿಮಾತಿನ ಮೇಲೆ. ಆದರೆ ಪ್ರತಿ ಯುಗಾದಿ ಪಾಡ್ಯಕ್ಕೆ ನಮ್ಮನ್ನು ಒಂದು ಹೊಲದಿಂದ ಎಬ್ಬಿಸಿ ಇನ್ನೊಂದಕ್ಕೆ ಕಳಿಸುತ್ತಿದ್ದರು. ಹೊಳೆದಂಡೆಯ ಹೊಲಕ್ಕೆ ಗೊಬ್ಬರ ಹೊತ್ತು ಹಾಕಿ, ಅದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಪಾಡ್ಯ ಬರುತ್ತಿತ್ತು; ನಾವು ಗುಡ್ಡದ ಬುಡದ ಕಲ್ಲು ಹೊಲಕ್ಕೆ ಹೊರಡುತ್ತಿದ್ದೆವು. ಇದಕ್ಕೆಲ್ಲ ಕಾರಣ ಕುಳ ಕಾಯ್ದೆ, ಅಂದರೆ ಉಳುವ ಗೇಣಿದಾರನಿಗೆ ಹೊಲದ ಹಕ್ಕು ಕೊಡುವ ಮಹಾರಾಷ್ಟ್ರದ ಕಾನೂನು. ಒಂದೇ ಹೊಲವನ್ನು ವರ್ಷಾನುಗಟ್ಟಲೆ ಉತ್ತವನು ಕುಳ ಆಗುತ್ತಾನೆ, ಕುಳ ಆದವನು ನಾಳೆ ಹೊಲವೇ ತನ್ನದು ಅನ್ನುತ್ತಾನೆ ಎಂಬ ಹೆದರಿಕೆ ಹೊಲ ಇದ್ದವರಿಗೆಲ್ಲ ಇತ್ತು. ಹಾಗಾಗಿ ನಮ್ಮ ಪಾಲಿಗೆ ಶೇಂಗಾ, ಜೋಳ ಅಷ್ಟೇ. ವರ್ಷ ದಾಟಿ ನಿಲ್ಲುವ ಕಬ್ಬನ್ನು ಅವರೇ ಇಟ್ಟುಕೊಳ್ಳುತ್ತಿದ್ದರು. ಕಾಯ್ದೆ ಮಾಡಿದ ಪುಣ್ಯಾತ್ಮರು ನಮಗೆ ಹೊಲ ಕೊಡಿಸಲು ಹೊರಟಿದ್ದರಂತೆ. ನಮಗೆ ಸಿಕ್ಕಿದ್ದು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವ ಕೆಲಸ.

ಒಂದು ಮಳೆಗಾಲ ಅವ್ವ ಮನಸ್ಸು ತಡೆಯಲಾರದೆ ಬದುವಿನ ಮೂಲೆಯಲ್ಲಿ ಕರಿಬೇವಿನ ಸಸಿ ನೆಟ್ಟಳು. ಬೆಳೆ ನೋಡಲು ಬಂದ ಸಾವಕಾರರು ಅದರ ಮುಂದೆ ನಿಂತುಬಿಟ್ಟರು. ಸಿಟ್ಟಾಗಲಿಲ್ಲ, ದನಿ ಕೂಡ ಏರಿಸಲಿಲ್ಲ.

“ತಂಗೀ, ನೆಲದಾಗ ಬ್ಯಾಡವ್ವಾ. ಡಬ್ಬಿಯೊಳಗ ಹಚ್ಚು. ಡಬ್ಬಿ ನಾ ಕೊಡತೀನಿ,” ಅಂದರು.

ಮರುದಿನವೇ ಅವರ ಅಂಗಡಿಯಿಂದ ಖಾಲಿ ಡಬ್ಬ ಬಂತು. ಅಪ್ಪ ತಳಕ್ಕೆ ಮೊಳೆ ಹೊಡೆದು ತೂತು ಮಾಡಿದ. ಅಂದಿನಿಂದ ಪಾಡ್ಯ ಬಂದಾಗಲೆಲ್ಲ ನೇಗಿಲು, ಕುಂಟೆಯ ಜೊತೆಗೆ ಆ ಗಿಡವೂ ಗಾಡಿ ಏರುತ್ತಿತ್ತು. ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದಳು.

ಮುಂದೆ ಅಣ್ಣ ಇಚಲಕರಂಜಿಯಲ್ಲಿ ಮಗ್ಗ ನಡೆಸಿ, ನೇಸರಿಯ ಹತ್ತಿರ ತುಸು ಹೊಲ ಕೊಂಡ. ಅವ್ವ ಮೊದಲು ಮಾಡಿದ ಕೆಲಸ ಕರಿಬೇವನ್ನು ಡಬ್ಬದಿಂದ ಬಿಡಿಸಿ ನೆಲಕ್ಕೆ ನೆಟ್ಟದ್ದು. ಗಿಡ ಈಗ ಮಾಡಿನೆತ್ತರ ಆಗಿದೆ. ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ಅದೇ ಊರಿನ ಗಂಡ ಹೆಂಡತಿಗೆ ಪಾಲಿಗೆ ಕೊಟ್ಟಿದ್ದೇವೆ.

ಹೋದ ಮಳೆಗಾಲ ನಾನು ಕೊಲ್ಹಾಪುರದಿಂದ ಕೆಂಪು ಬಸ್ಸು ಹಿಡಿದು ಹೋದಾಗ ಆ ಹೆಣ್ಣುಮಗಳು ಅಂಗಳದಲ್ಲಿ ನಿಂತಿದ್ದಳು. ಸೆರಗಿನಲ್ಲಿ ಲಿಂಬಿಯ ಸಸಿ. ಬದುವಿನ ಮೇಲೆ ಹಚ್ಚಲೇನ್ರೀ ಎಂದು ಅವ್ವನನ್ನು ಕೇಳುತ್ತಿದ್ದಳು. ಅವ್ವ ಹ್ಞೂಂ ಅನ್ನುತ್ತಾಳೆಂದು ನಾನು ಆಗಲೇ ಒಳಗೊಳಗೇ ಹಿಗ್ಗಿದ್ದೆ. ಅವ್ವ ಸೀದಾ ಒಳಗೆ ಹೋದಳು.

ಹಿಂದೆಯೇ ಹೋದೆ. ಮಂಚದ ಕೆಳಗೆ ಕೈಹಾಕಿ ಆ ಹಳೆಯ ಡಬ್ಬವನ್ನು ಎಳೆಯುತ್ತಿದ್ದಳು. ನನಗೆ ಮೈ ಉರಿಯಿತು. ನೀನೂ ಸಾವಕಾರ ಆದೆಯಲ್ಲ ಎಂದು ಕೇಳಿಯೇಬಿಟ್ಟೆ.

“ಅವತ್ತ ನನಗ ಅವರ ಮ್ಯಾಲ ಭಾಳ ಸಿಟ್ಟ ಬಂದಿತ್ತು,” ಅಂದಳು ಅವ್ವ, ಡಬ್ಬದ ಧೂಳು ಒರೆಸುತ್ತ. “ಅವರು ಎಷ್ಟ ಹೆದರಿದ್ದರಂತ ಈಗ ತಿಳೀತು ನೋಡು.”

ಅವಳ ಮೇಲಿನ ಸಿಟ್ಟೂ ಇಳಿಯಲಿಲ್ಲ, ಪ್ರೀತಿಯೂ ಕಡಿಮೆಯಾಗಲಿಲ್ಲ.

ಅವ್ವ ಹೊರಗೆ ಬಂದು ಡಬ್ಬವನ್ನು ಕೊಟ್ಟಳು. ಆ ಹೆಣ್ಣುಮಗಳು ಒಮ್ಮೆ ಅಂಗಳದ ಕರಿಬೇವಿನ ಕಡೆಗೆ ನೋಡಿದಳು. ಆಮೇಲೆ ಡಬ್ಬವನ್ನು ಬೋರಲು ಮಾಡಿ ತಳ ತಡವಿದಳು. ಅಪ್ಪ ಹೊಡೆದ ತೂತುಗಳು ಹಾಗೆಯೇ ಇದ್ದವು.