ದೊಡ್ಡಣ್ಣನ ಸೊಂಟದಲ್ಲಿ ಓಡಿದವನು

ಲಾನ್‌ಝೌ ನಗರದ ಆ ವಿಶ್ವವಿದ್ಯಾಲಯದಲ್ಲಿ ಗೆಂಗ್ ರುಯಿಯಷ್ಟು ಓಡಿದವರು ಕಡಿಮೆ. ಅವನಷ್ಟು ಹಾಸಿಗೆ ಬಿಟ್ಟೇಳದವರು ಇನ್ನೂ ಕಡಿಮೆ. ಎರಡೂ ನಿಜ. ಹುಡುಗರ ಹೃದಯ ಗಟ್ಟಿಯಾಗಲೆಂದು ಅಲ್ಲಿನ ದೊಡ್ಡವರು ಎಲ್ಲರ ಮೊಬೈಲಿಗೂ ಒಂದು ಆ್ಯಪ್ ಹಾಕಿಸಿದ್ದರು. ಪರೀಕ್ಷೆಯ ಹೊತ್ತಿಗೆ ಇಂತಿಷ್ಟು ದೂರ ಓಡಿ ಮುಗಿಸಿರಬೇಕು. ವೇಗ ನಡಿಗೆಯದೂ ಆಗಬಾರದು, ಸೈಕಲ್ಲಿನದೂ ಆಗಬಾರದು. ಓಡಿದ ದಾರಿ ಪರದೆಯ ಮೇಲೆ ಹಸಿರು ಗೆರೆಯಾಗಿ ಮೂಡುತ್ತಿತ್ತು. ಓಡಿದ್ದು ಮನುಷ್ಯನೋ ಬರೀ ಮೊಬೈಲೋ ಎಂದು ತಲೆಕೆಡಿಸಿಕೊಳ್ಳುವ ಪುಣ್ಯಾತ್ಮ ಅಷ್ಟು ಮಂದಿ ಪ್ರೊಫೆಸರುಗಳಲ್ಲಿ ಒಬ್ಬನೂ ಇರಲಿಲ್ಲ.

ಗೆಂಗ್‌ನ ಮೊಬೈಲು ಓಡುತ್ತಿದ್ದುದು ಲುವೊನ ಸೊಂಟದಲ್ಲಿ. ಹಾಸ್ಟೆಲ್ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯನಾದ್ದರಿಂದ ಲುವೊ ದೊಡ್ಡಣ್ಣ; ಗೆಂಗ್ ಮೂರನೆಯವನು. ದೊಡ್ಡಣ್ಣನಿಗೆ ಹೇಗೂ ಬೆಳಗ್ಗೆ ಓಡುವ ಅಭ್ಯಾಸ. ಕೋಣೆಯವರ ಮೊಬೈಲುಗಳನ್ನೆಲ್ಲ ಬಟ್ಟೆಯ ಪಟ್ಟಿಯೊಂದಕ್ಕೆ ಸಿಕ್ಕಿಸಿ ಕಟ್ಟಿಕೊಂಡು ಹೊರಡುತ್ತಿದ್ದ. ತನ್ನ ನಿದ್ದೆ ಮುಗಿದ ಮೇಲೆ ಗೆಂಗ್ ಅವನಿಗೊಂದು ಬಟ್ಟಲು ಬೀಫ್ ನೂಡಲ್ಸ್ ಕೊಡಿಸಿ, ತಾನೂ ಓಡಿ ಸುಸ್ತಾದವನಂತೆ ಒಂದು ಬಟ್ಟಲು ಬಾರಿಸುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಅವನನ್ನು ಸೋಮಾರಿಯೆಂದು ಬಿಟ್ಟುಬಿಡಬಹುದಿತ್ತು. ಆದರೆ ಆ ಹಸಿರು ಗೆರೆಯ ಚಿತ್ರವನ್ನು ಅವನು ದಿನಾ ಅಮ್ಮನಿಗೆ ಕಳಿಸುತ್ತಿದ್ದ. ಅವನಪ್ಪ ನಲವತ್ತು ದಾಟುತ್ತಲೇ ಕಾರ್ಖಾನೆಯ ಯಂತ್ರದ ಮುಂದೆ ಎದೆ ಹಿಡಿದುಕೊಂಡು ಕುಸಿದವನು ಮೇಲೇಳಲಿಲ್ಲ. ಮಗನಿಗೂ ಹಾಗಾಗಬಾರದು ಎಂಬುದೊಂದೇ ತಿಯಾನ್‌ಶುಯಿ ಊರಿನಲ್ಲಿದ್ದ ಆ ತಾಯಿಯ ಜೀವ ತಿನ್ನುವ ಚಿಂತೆ. ಚಿತ್ರ ಬಂದ ಮೇಲೆಯೇ ಅವಳಿಗೆ ಬೆಳಗಿನ ಗಂಜಿ ಗಂಟಲಲ್ಲಿ ಇಳಿಯುತ್ತಿತ್ತು. ಇಂಥವಳಿಗೆ ಸುಳ್ಳು ಕಳಿಸಿ, ಮಗ್ಗುಲು ಬದಲಿಸಿ ಮತ್ತೆ ಗೊರಕೆ ಹೊಡೆಯುವವನಿಗೆ ಏನೆನ್ನಬೇಕೋ ನನಗಂತೂ ತಿಳಿಯದು.

ವಿಶ್ವವಿದ್ಯಾಲಯಕ್ಕೆ ತಿಳಿದಿತ್ತು. ಅದು ಅವನನ್ನು 'ಆರೋಗ್ಯದ ಮಾದರಿ' ಎಂದು ಕರೆದು ಫಲಕದಲ್ಲಿ ಫೋಟೊ ಅಂಟಿಸಿತು. ಮುಂದಿನ ವಾರದ ಸಾವಿರ ಮೀಟರ್ ಪರೀಕ್ಷೆಯಲ್ಲಿ ಎಲ್ಲರ ಮುಂದೆ ನಿಂತು ಓಡಬೇಕೆಂದಿತು. ಆಗ ನಮ್ಮ ಮಾದರಿಗೆ ಬೆವರಿಳಿಯಿತು.

"ಒಂದ್ ವಾರದಲ್ಲಿ ಎದೆ ತಯಾರಾಗಲ್ಲ ಕಣೋ," ಎಂದ ಲುವೊ. "ಮಾತಾಡ್ತಾ ಓಡೋಕಾಗೋಷ್ಟು ನಿಧಾನಕ್ಕೆ ಶುರು ಮಾಡು. ಒಂದೆರಡು ತಿಂಗಳಾದ್ಮೇಲೆ ನಡುನಡುವೆ ಜೋರು."

"ಅದೆಲ್ಲ ಪಾರ್ಕಿನ ಅಜ್ಜಂದಿರಿಗೆ, ದೊಡ್ಡಣ್ಣ. ನಂಗೆ ವಯಸ್ಸಿದೆ. ಒಂದೇ ಸಲ ಜೋರಾಗಿ ನುಗ್ಗಿದ್ರೆ ಮುಗೀತು."

"ವಯಸ್ಸಿರೋದು ನಿಂಗೆ, ಓಡಿರೋದು ನಾನು. ನೆನಪಿರ್ಲಿ."

ನೆನಪಿಡುವ ಪೈಕಿಯೇ ಅವನು! ಪರೀಕ್ಷೆಯ ದಿನ ಬೇಲಿಯಾಚೆ ನಿಂತ ಹುಡುಗಿಯರು "ಬಾ, ಮಾದರಿ!" ಎಂದು ಕೂಗಿದ್ದೇ ತಡ, ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ ಓಟ ಕಿತ್ತ. ಮೊದಲ ಸುತ್ತು ಮುಗಿಯುವುದರೊಳಗೆ ಮೇಲುಸಿರು ಬಂತು. ಎರಡನೆಯದರಲ್ಲಿ ಮುಖ ಬಿಳಿಚಿಕೊಂಡು, ನೂಡಲ್ಸೆಲ್ಲ ಕಾರಿಕೊಂಡು ಬೋರಲಾಗಿ ಬಿದ್ದ.

ಸುದ್ದಿ ಮುಟ್ಟಿದ ತಾಯಿ ಸಿಕ್ಕ ರೈಲು ಹತ್ತಿ ಆಸ್ಪತ್ರೆಗೆ ಬಂದಳು. ಡಾಕ್ಟರಮ್ಮ ರಕ್ತದೊತ್ತಡ ನೋಡಿ, ನಾಡಿ ನೋಡಿ, ಹುಬ್ಬು ಗಂಟಿಕ್ಕಿದರು. ಸುಮ್ಮನೆ ಮಲಗಿದ್ದಾಗಲೂ ಎದೆ ಹೊಡೆದುಕೊಳ್ಳುತ್ತಿತ್ತು.

"ವ್ಯಾಯಾಮ ಮಾಡ್ತಾನಾ?"

"ದಿನಾ ಓಡ್ತಾನೆ ಡಾಕ್ಟ್ರೇ, ಒಂದಿನಾನೂ ತಪ್ಪಿಸಿಲ್ಲ, ನೋಡಿ." ತಾಯಿ ತನ್ನ ಮೊಬೈಲು ತೆಗೆದು ಹಸಿರು ಗೆರೆಗಳನ್ನು ಒಂದೊಂದಾಗಿ ಸರಿಸಿ ತೋರಿಸಿ, ಇವನಪ್ಪ ಹೋದ ಬಗೆಯನ್ನೂ ಹೇಳಿದಳು.

ಡಾಕ್ಟರಮ್ಮನ ಮುಖ ಗಂಭೀರವಾಯಿತು. "ಇಷ್ಟು ಓಡೋ ಹುಡುಗನ ಎದೆ ಹೀಗಿರಬಾರದು. ಇವನಪ್ಪ ಹೋಗಿದ್ದೂ ಹೃದಯದಿಂದ್ಲೇ ಅಂತೀರಿ. ಹುಟ್ಟಿನಿಂದ ಬಂದ ದೋಷ ಇರಬಹುದು. ತೊಡೆಯಿಂದ ನಳಿಗೆ ಹಾಕಿ ಹೃದಯದ ಒಳಗೇ ನೋಡಬೇಕಾಗತ್ತೆ."

ತಾಯಿ ಗೋಡೆ ಹಿಡಿದುಕೊಂಡಳು. "ಅಪ್ಪನ ಥರಾನೇ," ಎಂದಷ್ಟೇ ಅಂದಳು.

ಈಗಲಾದರೂ ಬಾಯಿ ಬಿಡಬೇಕಲ್ಲ? ಇಲ್ಲ. ನಳಿಗೆಯ ನೋವು ಹೆಚ್ಚೋ ಅಮ್ಮನೆದುರು ಮಾನ ಹೋಗುವುದು ಹೆಚ್ಚೋ ಎಂದು ಆ ಮಹರಾಯ ತೂಗಿ ನೋಡುತ್ತ ಮಲಗಿದ್ದ. ಅವಳು ನೆಲಕ್ಕೇ ಕುಸಿದು ಕೂತಾಗ ಮಾತ್ರ ತಡೆಯಲಾಗಲಿಲ್ಲ.

"ನಾನು ಓಡಿಲ್ಲಮ್ಮ. ಒಂದಿನಾನೂ ಓಡಿಲ್ಲ. ಮೊಬೈಲ್ ಕೊಟ್ಟು ಕಳಿಸ್ತಿದ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಸದ್ಯಕ್ಕೆ ನಳಿಗೆ ಬೇಡ. ಉಪಯೋಗಿಸದೆ ಜಂಗು ಹಿಡಿದಿರೋ ಹಾಗಿದೆ. ಮಾಮೂಲಿ ಪರೀಕ್ಷೆ ಮುಗೀಲಿ, ಆಮೇಲೆ ಬಿರುಸಾಗಿ ನಡಿ. ಓಟ ಆಮೇಲೆ ನೋಡೋಣ," ಎಂದು ಹೊರಗೆ ಹೋದರು.

ತಾಯಿ ನಿಧಾನವಾಗಿ ಎದ್ದಳು. ಬಯ್ಯುತ್ತಾಳೆಂದು ಗೆಂಗ್ ಕಣ್ಣು ಮುಚ್ಚಿಕೊಂಡ.

"ಮತ್ತೆ ದಿನಾ ಓಡ್ತಿದ್ದೋನು ಯಾರು?"

"ರೂಮಿನ ದೊಡ್ಡಣ್ಣ. ಲುವೊ ಅಂತ."

ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಮಗನ ಹೊದಿಕೆ ಸರಿಮಾಡಿದಳು.

"ಹಾಗಾದ್ರೆ ಇಷ್ಟು ದಿನ ನಾನು ನೆಮ್ಮದಿಯಾಗಿದ್ದಿದ್ದು," ಎಂದಳು, "ಯಾರ್ದೋ ಮಗನ್ನ ನೋಡ್ಕೊಂಡು."